ಹೋರಾಟದ ಹಾಡು ಮತ್ತು ಅನಾಮಿಕತೆಯ ಪ್ರಶ್ನೆ

ಜನಪದ ಗೀತೆಗೆ ಕರ್ತೃವಿಲ್ಲ, ಅದು ಸಮುದಾಯದ ಸೃಷ್ಟಿ ಎಂಬ ಮಾತನ್ನು ಜಾನಪದ ಅಧ್ಯಯನವು ಬಹುಕಾಲ ಒಪ್ಪಿಕೊಂಡು ಬಂದಿದೆ. ಈ ನಿಲುವಿನ ಮಿತಿಯನ್ನು ಅರಿಯಲು ಅಮೆರಿಕದ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದಲ್ಲಿ ಮೊಳಗಿದ ‘ವಿ ಶಲ್ ಓವರ್‌ಕಮ್’ ಹಾಡು ತಕ್ಕ ನಿದರ್ಶನವಾಗಿದೆ.

1896ರ ಪ್ಲೆಸಿ ಪ್ರಕರಣದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ‘ಪ್ರತ್ಯೇಕವಾದರೂ ಸಮಾನ’ ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ಅದರ ಬಲದಿಂದ ದಕ್ಷಿಣದ ರಾಜ್ಯಗಳ ಶಾಲೆ, ರೈಲು, ಬಸ್ಸು, ಉಪಾಹಾರ ಗೃಹಗಳಲ್ಲೆಲ್ಲ ವರ್ಣಭೇದದ ಕಾನೂನುಗಳು ನೆಲೆಯೂರಿದವು. ಶಾಲೆಗಳಲ್ಲಿನ ಪ್ರತ್ಯೇಕತೆಯನ್ನು 1954ರ ಬ್ರೌನ್ ತೀರ್ಪು ಅಸಾಂವಿಧಾನಿಕವೆಂದಿತು; ಸಾರ್ವಜನಿಕ ಸ್ಥಳಗಳಲ್ಲಿನ ಪ್ರತ್ಯೇಕತೆಯನ್ನು 1964ರ ನಾಗರಿಕ ಹಕ್ಕುಗಳ ಕಾಯಿದೆ ನಿಷೇಧಿಸಿತು.

ಈ ಹಾಡಿನ ಬೇರುಗಳು ಕಪ್ಪು ಜನರ ಚರ್ಚುಗಳ ಭಕ್ತಿಗೀತೆಗಳಲ್ಲಿವೆ. ಅಲ್ಲಿ ಹಾಡುವ ದನಿ ‘ನಾನು’ ಎಂಬುದು. 1945-46ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನಗರದ ತಂಬಾಕು ಕಾರ್ಖಾನೆಯ ಮುಷ್ಕರದಲ್ಲಿ ಲೂಸಿಲ್ ಸಿಮನ್ಸ್ ಎಂಬ ಕಾರ್ಮಿಕ ಮಹಿಳೆ ಇದನ್ನು ನಿಧಾನಗತಿಯಲ್ಲಿ, ‘ನಾವು’ ಎಂಬ ರೂಪದಲ್ಲಿ ಹಾಡುತ್ತಿದ್ದರು. ಮುಷ್ಕರದವರಿಂದ ಇದನ್ನು ಕಲಿತವರು ಟೆನೆಸ್ಸಿಯ ಹೈಲ್ಯಾಂಡರ್ ಫೋಕ್ ಸ್ಕೂಲಿನ ಜಿಲ್ಫಿಯಾ ಹಾರ್ಟನ್. ಅವರಿಂದ ಪೀಟ್ ಸೀಗರ್ ಕಲಿತರು. 1959ರಲ್ಲಿ ಪೊಲೀಸರು ಆ ಶಾಲೆಯ ಮೇಲೆ ದಾಳಿ ಮಾಡಿದಾಗ, ಕತ್ತಲಲ್ಲಿ ಕುಳಿತು ನಿರ್ಭಯತೆಯ ಸೊಲ್ಲೊಂದನ್ನು ಸೇರಿಸಿ ಹಾಡಿದುದಾಗಿ ಆಗ ಹದಿಹರೆಯದವರಾಗಿದ್ದ ಜಮೀಲಾ ಜೋನ್ಸ್ ಹೇಳಿದ್ದಾರೆ. 1960ರ ಏಪ್ರಿಲ್‌ನಲ್ಲಿ ರಾಲಿ ನಗರದ ವಿದ್ಯಾರ್ಥಿ ಸಮಾವೇಶದಲ್ಲಿ ಗೈ ಕ್ಯಾರವಾನ್ ಇದನ್ನು ಹಾಡಿಸಿದ ಮೇಲೆ ಅದು ಇಡೀ ಚಳವಳಿಯ ಹಾಡಾಯಿತು.

ಇಲ್ಲಿ ಗಮನಿಸಬೇಕಾದುದು, ಪಾಠಾಂತರಗಳು ತಾವಾಗಿಯೇ ಹುಟ್ಟಲಿಲ್ಲ ಎಂಬ ಅಂಶ. ಪ್ರತಿಯೊಂದು ಬದಲಾವಣೆಯ ಹಿಂದೆಯೂ ಒಂದು ಸಂದರ್ಭವಿದೆ, ಒಂದು ಅಪಾಯವಿದೆ, ಹೆಸರುಳ್ಳ ವ್ಯಕ್ತಿಯೊಬ್ಬರಿದ್ದಾರೆ. ಆದರೆ ಹಕ್ಕುಸ್ವಾಮ್ಯ ನೋಂದಣಿಯಲ್ಲಿ ದಾಖಲಾದವು ಹಾರ್ಟನ್, ಹ್ಯಾಮಿಲ್ಟನ್, ಕ್ಯಾರವಾನ್, ಸೀಗರ್ ಎಂಬ ನಾಲ್ವರು ಬಿಳಿಯರ ಹೆಸರುಗಳು. ಹಾಡಿನ ವ್ಯಾಪಾರೀಕರಣವನ್ನು ತಡೆಯುವುದು ಅವರ ಉದ್ದೇಶವಾಗಿತ್ತು. ಗೌರವಧನವೂ ದಕ್ಷಿಣದ ಕಪ್ಪು ಸಮುದಾಯಗಳ ಕೆಲಸಕ್ಕೇ ಸಂದಿತು. ಸದುದ್ದೇಶವನ್ನು ಒಪ್ಪಿಯೂ ಹೇಳಬೇಕಾದುದೆಂದರೆ, ದಾಖಲೆಯಲ್ಲಿ ಸಿಮನ್ಸ್ ಅವರಿಗೆ ಸ್ಥಾನವಿರಲಿಲ್ಲ. ಪ್ರಸಿದ್ಧವಾದ ಮೊದಲ ನುಡಿಯಲ್ಲಿ ಹಕ್ಕುಸ್ವಾಮ್ಯಕ್ಕೆ ಬೇಕಾದಷ್ಟು ಸ್ವಂತಿಕೆಯಿಲ್ಲವೆಂದು 2017ರಲ್ಲಿ ನ್ಯಾಯಾಲಯ ತೀರ್ಮಾನಿಸಿತು. 2018ರಲ್ಲಿ ರಾಜಿಯಾಗಿ ಹಾಡು ಸಾರ್ವಜನಿಕ ಸ್ವತ್ತಾಯಿತು. ಆಗಲೂ ಆಕೆಗೆ ದಾಖಲೆಯಲ್ಲಿ ಸ್ಥಾನ ದೊರೆಯಲಿಲ್ಲ. ಒಬ್ಬರ ಸ್ವತ್ತು ಅಥವಾ ಎಲ್ಲರ ಸ್ವತ್ತು ಎಂಬ ಎರಡೇ ಮನೆಗಳನ್ನು ಕಾನೂನು ಬಲ್ಲದು.

ಜಾನಪದ ಅಧ್ಯಯನವೂ ಇಷ್ಟಕ್ಕೇ ನಿಲ್ಲಬಾರದು. ಇದೇ ಹಾಡಿನ ಹಿಂದಿ ರೂಪವಾದ ‘ಹಮ್ ಹೋಂಗೆ ಕಾಮಯಾಬ್’ ನಮ್ಮ ಶಾಲೆಗಳಲ್ಲಿ ಪರಿಚಿತವಾಗಿದ್ದರೂ ತಂಬಾಕು ಕಾರ್ಖಾನೆಯ ಮಹಿಳೆಯರು ಅಪರಿಚಿತರಾಗಿಯೇ ಉಳಿದಿದ್ದಾರೆ. ಹಾಡು ಎಲ್ಲರದಾಗಲಿ, ಅದರಿಂದ ಹಾಡಿದವರು ಅನಾಮಿಕರಾಗಬೇಕಿಲ್ಲ. ಯಾರು, ಎಲ್ಲಿ, ಯಾವ ಬೆದರಿಕೆಯ ನಡುವೆ ಹಾಡಿದರು ಎಂಬ ವಿವರವು ಪಠ್ಯದ ಭಾಗವೇ ಹೊರತು ಅನುಬಂಧವಲ್ಲ. ವಕ್ತೃಗಳ ಹೆಸರನ್ನು ಕೊನೆಯ ಪುಟಗಳಿಗೆ ತಳ್ಳುವ ಸಂಪಾದನ ಕ್ರಮವನ್ನು ಈ ನೆಲೆಯಲ್ಲಿ ಮರುಪರಿಶೀಲಿಸುವ ಅಗತ್ಯವಿದೆ.