ಮೋರೆ ಬಯಲಿನ ಕೊನೆಯ ಸವಾರ

ಮನಾಲಿಯಿಂದ ಲೇಹ್‌ವರೆಗೆ ಸೈಕಲ್ ತುಳಿದು ಬಂದವರನ್ನು ಮಾತಿಗೆಳೆದರೆ ಮೊದಲು ಬರುವುದು ಪಾಸ್‌ಗಳ ಹೆಸರು: ರೋಹ್ತಾಂಗ್, ಬಾರಾಲಾಚಾ, ನಕೀ, ಲಾಚುಲುಂಗ್, ತಂಗ್ಲಾಂಗ್. ಒಂದೊಂದರ ಎತ್ತರವೂ ಬಾಯಿಪಾಠ. ಪಾಂಗ್ ದಾಟಿದ ಮೇಲೆ ಸಿಗುವ ಮೋರೆ ಬಯಲಿನ ವಿಷಯಕ್ಕೆ ಮಾತು ಬರುವುದೇ ಅಪರೂಪ. ಆದರೆ ಈ ದಾರಿಯ ಗುಂಪು ಸವಾರಿಯನ್ನು ತೂಗಿ ನೋಡಬೇಕಾದರೆ ಆ ಬಯಲಿನ ಒಂದು ದಿನವೇ ಸಾಕು ಎಂಬುದು ನನ್ನ ನಂಬಿಕೆ. ಏರಿನಲ್ಲಿ ಎಲ್ಲರೂ ಒಂಟಿಗಳೇ. ಅವರವರ ಉಸಿರು, ಅವರವರ ಗಿಯರ್. ಇಳಿಜಾರಿನಲ್ಲೂ ಅಷ್ಟೇ. ಒಬ್ಬರು ಇನ್ನೊಬ್ಬರಿಗೆ ನಿಜವಾಗಿ ಒದಗಿಬರಬಹುದಾದ ಜಾಗ ಬಯಲು ಮಾತ್ರ.

ಪಾಂಗ್ ಎಂದರೆ ಒಂದಿಷ್ಟು ದಾಬಾ ಟೆಂಟುಗಳು, ಪಕ್ಕದಲ್ಲಿ ಸೇನೆಯ ಒಂದು ಶಿಬಿರ. ಎತ್ತರ ಸುಮಾರು 4,600 ಮೀಟರ್. ಅಲ್ಲಿಂದ ಹೊರಟ ಕೂಡಲೇ ಕೆಲವು ಕಿಲೋಮೀಟರ್ ಸುತ್ತುಬಳಸಿನ ಏರು. ಅದು ಮುಗಿಯುತ್ತಿದ್ದಂತೆ ನೆಲ ಒಮ್ಮೆಲೇ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಎರಡೂ ಬದಿಗೆ ಕಂದು ಬೆಟ್ಟಗಳು, ನಡುವೆ ನಲವತ್ತು ಕಿಲೋಮೀಟರಿನಷ್ಟು ಉದ್ದದ ಬಯಲು. ಮರವಿಲ್ಲ, ನೆರಳಿಲ್ಲ. ದೂರದಲ್ಲೊಂದು ಕಡೆ ಚಾಂಗ್ಪಾ ಕುರಿಗಾಹಿಗಳ ಟೆಂಟು ಮತ್ತು ಪಶ್ಮೀನಾ ಮೇಕೆಗಳ ಹಿಂಡು ಕಂಡರೆ ಕಂಡಿತು. ಅದೃಷ್ಟವಿದ್ದರೆ ಕಿಯಾಂಗ್ ಎಂಬ ಕಾಡುಕತ್ತೆಗಳು. ಗಾಳಿಯಲ್ಲಿ ತೇವ, ದೂಳು ಎರಡೂ ಕಡಿಮೆಯಾದ್ದರಿಂದ ಕಣ್ಣಿನ ಅಳತೆ ತಪ್ಪುತ್ತದೆ. ಈಗ ಬಂತು ಎನ್ನಿಸುವ ಗುಡ್ಡ ಗಂಟೆ ಕಳೆದರೂ ಅಷ್ಟೇ ದೂರದಲ್ಲಿ ನಿಂತಿರುತ್ತದೆ. ಬಯಲು ಮುಗಿಯುವಲ್ಲಿ ಡೆಬ್ರಿಂಗ್‌ನ ಟೆಂಟುಗಳು, ಆಮೇಲೆ 5,328 ಮೀಟರಿನ ತಂಗ್ಲಾಂಗ್ ಲಾ, ಆಚೆಗೆ ರುಮ್‌ತ್ಸೆ ಹಳ್ಳಿಯವರೆಗೆ ಉದ್ದನೆಯ ಇಳಿಜಾರು. ಕೆಲವು ತಂಡಗಳು ಇದನ್ನು ಎರಡು ದಿನಕ್ಕೆ ಹಂಚಿಕೊಳ್ಳುತ್ತವೆ, ಕೆಲವು ಒಂದೇ ದಿನದಲ್ಲಿ ಮುಗಿಸುತ್ತವೆ.

ಬೆಳಿಗ್ಗೆ ಬಯಲು ಶಾಂತ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ಏಳುತ್ತದೆ. ಮಧ್ಯಾಹ್ನದ ನಂತರ ಅದು ಎದುರಾದರೆ ಸಪಾಟು ರಸ್ತೆಯೇ ಏರು. ಇಲ್ಲಿನ ಲೆಕ್ಕ ಸರಳ. ಗಂಟೆಗೆ ಹದಿನೈದು ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಮೂವತ್ತು ಕಿಲೋಮೀಟರಿನ ಎದುರುಗಾಳಿ ಸಿಕ್ಕರೆ, ಅವನ ಎದೆಗೆ ಬಡಿಯುವುದು ನಲವತ್ತೈದರ ಗಾಳಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಆ ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ತಡೆ ಒಂದಷ್ಟು ಇಳಿಯುವುದು ನಿಜ. ಆದರೆ ಅದೇ ಕಾರಣಕ್ಕೆ ಪುಪ್ಪುಸಕ್ಕೆ ಸಿಗುವ ಆಮ್ಲಜನಕವೂ ಸಮುದ್ರಮಟ್ಟದ ಅರ್ಧಕ್ಕಿಂತ ತುಸುವೇ ಹೆಚ್ಚು. ಇಂಥಲ್ಲಿ ಮುಂದಿನ ಸೈಕಲಿನ ಹಿಂದೆ ಗಾಲಿಗೆ ಗಾಲಿ ಹತ್ತಿರವಿಟ್ಟು ತುಳಿಯುವವನಿಗೆ ಸಿಗುವ ಉಳಿತಾಯ ದೊಡ್ಡದು. ಐದಾರು ಮಂದಿ ಸಾಲಾಗಿ ನಿಂತು, ಕೆಲವು ನಿಮಿಷಗಳಿಗೊಮ್ಮೆ ಮುಂದಿನವನು ಪಕ್ಕಕ್ಕೆ ಸರಿದು ಹಿಂದಕ್ಕೆ ಬರುತ್ತಿದ್ದರೆ, ಒಬ್ಬೊಬ್ಬರಿಂದಲೂ ಆಗದ ದೂರ ಗುಂಪಿನಿಂದ ಆಗುತ್ತದೆ.

ಆದರೆ ನಡೆಯುವುದು ಬೇರೆ. ಹಣ ಕಟ್ಟಿ ಸೇರಿದ ಬಹುತೇಕ ತಂಡಗಳಲ್ಲಿ ಬಲಶಾಲಿಗಳು ಬೆಳಿಗ್ಗೆಯೇ ಮಾಯ. ನಡುವಿನವರು ಇಬ್ಬಿಬ್ಬರಾಗಿ ಚದುರಿರುತ್ತಾರೆ. ಎಲ್ಲರಿಗಿಂತ ಹಿಂದಿನವರು ಮಧ್ಯಾಹ್ನದ ಗಾಳಿಗೆ ಒಬ್ಬರೇ ಸಿಕ್ಕಿಕೊಳ್ಳುತ್ತಾರೆ. ಅವರ ಬೆನ್ನಿಗೆ ಸಪೋರ್ಟ್ ವ್ಯಾನು. ಗಾಳಿಯಿಂದ ಯಾರಿಗೆ ಹೆಚ್ಚು ಮರೆ ಬೇಕೋ ಅವರಿಗೇ ಮರೆ ಇಲ್ಲ. ಇದನ್ನು ನಾನು ಸಣ್ಣ ಲೋಪವೆಂದು ಬಿಡಲಾರೆ. ವ್ಯಾನು ಬೇಡವೆಂದಲ್ಲ, ಹತ್ತಿರದಲ್ಲಿ ಆಸ್ಪತ್ರೆಯಿಲ್ಲದ ನೆಲದಲ್ಲಿ ಆಮ್ಲಜನಕದ ಸಿಲಿಂಡರ್ ಹೊತ್ತ ವಾಹನ ಇರಲೇಬೇಕು. ಆದರೆ ಹಿಂದೆ ವ್ಯಾನು ಬರುತ್ತಿದೆಯೆಂಬ ಧೈರ್ಯದಲ್ಲಿ ಮುಂದಿನವರು ತಿರುಗಿ ನೋಡುವುದನ್ನೇ ಬಿಟ್ಟಿದ್ದಾರೆ. ಜೊತೆಗಾರರು ಮಾಡಬೇಕಾದ ಕೆಲಸವನ್ನು ಡ್ರೈವರ್ ಮಾಡುತ್ತಿದ್ದಾನೆ. ಬೆಂಗಳೂರಿನಿಂದ ಹೋಗುವವರಲ್ಲಿ ಬ್ರೆವೆ ಎಂಬ ದೂರದ ಸವಾರಿಗಳಲ್ಲಿ ಪಳಗಿದವರು ಹಲವರು. ಆ ಪದ್ಧತಿಯಲ್ಲಿ ಕಂಟ್ರೋಲ್ ಎಂಬ ತಪಾಸಣಾ ತಾಣಗಳ ನಡುವೆ ಹೊರಗಿನ ವಾಹನದ ನೆರವು ಪಡೆಯುವಂತಿಲ್ಲ. ಹಾಗಾಗಿ ರಾತ್ರಿ ಹೆದ್ದಾರಿಯಲ್ಲಿ ಪಂಕ್ಚರ್ ಆದರೆ ಗುರುತಿಲ್ಲದವನೂ ನಿಂತು ಟಾರ್ಚು ಹಿಡಿಯುತ್ತಾನೆ. ಅದೇ ಜನ ಲಡಾಖ್‌ನಲ್ಲಿ ಹಿಂದಿರುಗಿ ನೋಡದೆ ಹೋಗುತ್ತಾರೆಂದರೆ ಕೊರತೆ ಅವರ ಸ್ವಭಾವದ್ದಲ್ಲ, ಏರ್ಪಾಡಿನದು.

ಏರ್ಪಾಡಿನ ಇನ್ನೊಂದು ದೋಷ ಬಯಲಿಗೆ ಬರುವ ಮೊದಲೇ ಶುರುವಾಗಿರುತ್ತದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಮೇಲೇರದೆ ಉಳಿಯಬೇಕು ಎಂಬುದು ಪರ್ವತ ವೈದ್ಯರ ಸಾಮಾನ್ಯ ಸಲಹೆ. ಇಲ್ಲಿನ ರೂಢಿಯ ವೇಳಾಪಟ್ಟಿಯಲ್ಲಿ 3,200 ಮೀಟರಿನ ಜಿಸ್ಪಾದಲ್ಲಿ ಮಲಗಿದವರು ಮರುದಿನ ರಾತ್ರಿ 4,200 ಮೀಟರ್ ಮೀರಿದ ಜಿಂಗ್‌ಜಿಂಗ್‌ಬಾರ್‌ನಲ್ಲಿರುತ್ತಾರೆ. ನಡುವೆ ಊರು ಕಡಿಮೆ, ರಜೆ ಕಡಿಮೆ ಎಂಬ ಕಾರಣಗಳಿವೆ. ದೇಹಕ್ಕೆ ಅವು ತಿಳಿಯುವುದಿಲ್ಲ. ಮೋರೆ ತಲುಪುವಷ್ಟರಲ್ಲಿ ಕೆಲವರಿಗೆ ತಲೆನೋವು, ಊಟ ಸೇರದ ಸ್ಥಿತಿ. ಎತ್ತರದ ಕಾಯಿಲೆ ಕಸುವುಳ್ಳವರನ್ನೂ ಬಿಡುವುದಿಲ್ಲ. ಬೇಗ ಏರಿದವರಿಗೆ ಬೇಗ ತಗಲುತ್ತದೆ. ಆದರೂ ಗುಂಪಿನಲ್ಲಿ ಅದನ್ನು ಅಭ್ಯಾಸ ಸಾಲದ್ದರ ಗುರುತೆಂದೇ ಓದುತ್ತಾರೆ. ವ್ಯಾನು ಹತ್ತಿದವನು ಸೋತವನೆಂಬ ಲೆಕ್ಕ ಇರುವವರೆಗೂ ತಲೆನೋವನ್ನು ಮುಚ್ಚಿಡುವವರು ಇರುತ್ತಾರೆ. ಪಕ್ಕದಲ್ಲಿ ತುಳಿಯುವ ಗೆಳೆಯನೊಬ್ಬನಿದ್ದರೆ ಕಾಯಿಲೆಯವನ ಮಾತು ತೊದಲುವುದು, ಹ್ಯಾಂಡಲ್ ಹೊಯ್ದಾಡುವುದು ಕಣ್ಣಿಗೆ ಬೀಳುತ್ತದೆ. ಒಂಟಿ ಸವಾರನಲ್ಲಿ ಅದನ್ನು ಯಾರು ನೋಡಬೇಕು?

ತಂಗ್ಲಾಂಗ್ ಲಾದ ತುದಿಯಲ್ಲಿ ಬಹುಕಾಲ ಒಂದು ಫಲಕ ಇದನ್ನು ಜಗತ್ತಿನ ಎರಡನೆಯ ಅತಿ ಎತ್ತರದ ಪಾಸ್ ಎಂದು ಸಾರುತ್ತಿತ್ತು, 17,582 ಅಡಿ ಎಂಬ ಅಂಕಿಯ ಸಮೇತ. ಎರಡೂ ಸರಿಯಲ್ಲ, ಅಳತೆ ಅದಕ್ಕಿಂತ ನೂರಡಿ ಕಡಿಮೆ, ಗಡಿ ರಸ್ತೆ ಸಂಸ್ಥೆಯೇ ಲಡಾಖ್‌ನಲ್ಲಿ ಇನ್ನೂ ಎತ್ತರಕ್ಕೆ ರಸ್ತೆ ಒಯ್ದಿದೆ. ಫಲಕದ ಮುಂದೆ ಫೋಟೊ ತೆಗೆಸಿಕೊಳ್ಳುವುದು ಸಹಜ ಸಂತೋಷ, ಅದಕ್ಕೆ ಅಡ್ಡಿಯಿಲ್ಲ. ಇಡೀ ದಿನ ಆ ಒಂದು ಚಿತ್ರಕ್ಕಾಗಿ ಓಡುವ ಓಟವಾಗುವುದಕ್ಕೆ ನನ್ನ ಆಕ್ಷೇಪ. ಜಾರ್ಖಂಡ್‌ನ ದುಮ್ಕಾ ಕಡೆಯಿಂದ ಬಂದು ಈ ರಸ್ತೆಗಳಿಗೆ ಜಲ್ಲಿ ಒಡೆದು ಹಾಸುವ ಕೂಲಿಗಳು ನಮ್ಮ ಹಾಗೆ ಒಂದು ಹಗಲಲ್ಲ, ಬೇಸಿಗೆಯಿಡೀ ಅದೇ ತೆಳುಗಾಳಿಯಲ್ಲಿ ಉಸಿರಾಡುತ್ತಾರೆ. ಅವರ ಬಳಿ ನಿಂತು ಎರಡು ಮಾತಾಡಲೂ ಬಿಡುವಿಲ್ಲದ ಸವಾರಿ ನನಗೆ ಬಡ ಸವಾರಿಯಾಗಿ ಕಾಣುತ್ತದೆ.

ಬಯಲಿನ ಸವಾರಿಯನ್ನು ಚೆನ್ನಾಗಿ ಮಾಡುವ ತಂಡಗಳೂ ಇವೆ, ಅವುಗಳ ಕ್ರಮದಲ್ಲಿ ಗುಟ್ಟೇನೂ ಇಲ್ಲ. ನಿಧಾನದವರು ಪಾಂಗ್‌ನಿಂದ ಮೊದಲು ಹೊರಡುತ್ತಾರೆ. ವೇಗದವರು ಒಂದು ಗಂಟೆ ತಡವಾಗಿ ಹೊರಟು, ಬಯಲಿನಲ್ಲಿ ಅವರನ್ನು ಕೂಡಿಕೊಂಡು, ಗಾಳಿ ಏಳುವ ಹೊತ್ತಿಗೆ ಸಾಲಿನ ಮುಂದೆ ನಿಲ್ಲುತ್ತಾರೆ. ವೇಗ ಹಿಂದಿನವನ ಕಾಲಿಗೆ ಹೊಂದುತ್ತದೆ. ಬಲಶಾಲಿಗೂ ಇದರಿಂದ ನಷ್ಟವಿಲ್ಲ: ಗಾಳಿಗೆ ಎದೆಯೊಡ್ಡುವ ಪಾಳಿ ಹೆಚ್ಚು ಹೊತ್ತು ಅವನದೇ ಆಗುವುದರಿಂದ ಅವನ ಕಸುವಿಗೂ ತಕ್ಕ ಕೆಲಸ ಸಿಗುತ್ತದೆ. ಡೆಬ್ರಿಂಗ್‌ನ ದಾಬಾದಲ್ಲಿ ಕೊನೆಯವರು ಬಂದು, ಸೂಪು ಕುಡಿದು, ಮುಂದೆ ಹೋಗಬಲ್ಲೆವೋ ಇಲ್ಲವೋ ಎಂದು ಮುಚ್ಚುಮರೆಯಿಲ್ಲದೆ ಹೇಳುವವರೆಗೆ ಯಾರೂ ಸೈಕಲ್ ಹತ್ತುವುದಿಲ್ಲ. ಅಲ್ಲಿಂದಾಚೆಗಿನ ಏರಿನಲ್ಲಿ ಅವರವರ ವೇಗಕ್ಕೆ ಅವರವರು ಹೋಗಲಿ. ತಂಗ್ಲಾಂಗ್ ಲಾವನ್ನು ಯಾರು ಮೊದಲು ಮುಟ್ಟಿದರೂ ನನ್ನ ತಕರಾರಿಲ್ಲ.