ಕಾದ ಪೈಪು, ಹಳ್ಳದ ನೀರು

ಮಾಂದಲ್‌ಪಟ್ಟಿಯ ಏರು ಹತ್ತುವ ಜೀಪಾಗಲಿ, ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಗೊಬ್ಬರದ ಮೂಟೆ ಹೊರುವ ಜೀಪಾಗಲಿ, ಅಡಿಗೆ ಬಗ್ಗಿ ನೋಡಿದರೆ ಎಲ್ಲಕ್ಕಿಂತ ಮೊದಲು ಸೋತಿರುವುದು ಸೈಲೆನ್ಸರ್ ಪೈಪು. ಒಳಗೆ ಬೆಂಕಿಯಂಥ ಹೊಗೆ ಹರಿಯುತ್ತಿರುವಾಗಲೇ ಅದು ಹೊರಗಿನಿಂದ ಹಳ್ಳದ ತಣ್ಣೀರಿಗೆ ಇಳಿಯಬೇಕು, ದಾರಿಯ ಕಲ್ಲಿನ ಏಟನ್ನೂ ತಿನ್ನಬೇಕು. ಗಾಡಿಯ ಬೇರೆ ಯಾವ ಭಾಗಕ್ಕೂ ಈ ಪಾಡಿಲ್ಲ. ಬಾಗಿಲಿಗೋ ಬಂಪರಿಗೋ ಬಳಿದ ಬಣ್ಣ ಇಲ್ಲಿ ಒಂದು ಘಾಟಿ ಹತ್ತುವಷ್ಟರಲ್ಲಿ ಕರಕಲಾಗುತ್ತದೆ.

ಹಾಗಾಗಿ ಡಬ್ಬಿ ಕೊಳ್ಳುವ ಮೊದಲು ಪೈಪಿನ ಯಾವ ಭಾಗ ಎಷ್ಟು ಕಾಯುತ್ತದೆ ಎಂದು ನೋಡಿಕೊಳ್ಳಬೇಕು. ಪೆಟ್ರೋಲ್ ಎಂಜಿನ್ ಲೋ ಗೇರಿನಲ್ಲಿ ಜಗ್ಗಿ ಏರು ಹತ್ತುವಾಗ ಮ್ಯಾನಿಫೋಲ್ಡಿನಿಂದ ಹೊರಬರುವ ಹೊಗೆ 800 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಹಳೆಯ ಡೀಸೆಲ್ ಜೀಪುಗಳಲ್ಲಿ ಅದು ಸಾಮಾನ್ಯವಾಗಿ ಇನ್ನೂರು ಡಿಗ್ರಿಯಷ್ಟು ಕಡಿಮೆ. ಪೈಪಿನ ಮೈ ಹೊಗೆಗಿಂತ ಯಾವಾಗಲೂ ತಣ್ಣಗಿರುತ್ತದೆ, ಹಿಂದಕ್ಕೆ ಹೋದಂತೆ ಇನ್ನೂ ತಣ್ಣಗಾಗುತ್ತದೆ. ಅಂಗಡಿಯಲ್ಲಿ ಸಿಗುವ ಅಲ್ಯುಮಿನಿಯಂ ಹೀಟ್ ಪೇಂಟುಗಳು 200, 400, 600 ಡಿಗ್ರಿ ಎಂಬ ದರ್ಜೆಗಳಲ್ಲಿ ಬರುತ್ತವೆ. ದುಡ್ಡು ಉಳಿಸಲು ಹಿಂಭಾಗಕ್ಕೆ 200ರದ್ದು ಸಾಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಡೌನ್ ಪೈಪಿನ ಕೆಳಗಿನಿಂದ ಬಾಲದ ತುದಿಯವರೆಗೂ 600ರ ದರ್ಜೆಯದನ್ನೇ ಹೊಡೆಯಿರಿ. ಮ್ಯಾನಿಫೋಲ್ಡ್ ಮತ್ತು ಮೊದಲ ಬಾಗಿನ ಲೆಕ್ಕ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಈ 600ರ ಪೇಂಟಿನ ಜೀವ ಇರುವುದು ಸಿಲಿಕೋನ್ ರಾಳದಲ್ಲಿ. ಬಳಿದು ಒಣಗಿದ ಮೇಲೂ ಅದು ಇನ್ನೂ ಹಸಿ. ಪೆಟ್ರೋಲ್ ಸೋಕಿದ ಬಟ್ಟೆಯಲ್ಲಿ ಒರೆಸಿದರೆ ಕೈಗೆ ಬರುತ್ತದೆ. ಸುಮಾರು 200 ಡಿಗ್ರಿ ದಾಟಿ ಕಾದಾಗಲೇ ರಾಳ ಗಟ್ಟಿಕೊಳ್ಳುವುದು. ಇನ್ನೂ ಮೇಲಕ್ಕೆ ಹೋದಂತೆ ರಾಳದೊಳಗಿನ ಸುಡುವ ಅಂಶ ಹೊಗೆಯಾಗಿ ಹೋಗಿ, ಉಳಿದ ಸಿಲಿಕಾ ಅಲ್ಯುಮಿನಿಯಂ ಪುಡಿಯನ್ನು ಹಿಡಿದುಕೊಂಡು ಕಬ್ಬಿಣಕ್ಕೆ ಕಚ್ಚುತ್ತದೆ. ಆದ್ದರಿಂದ ಮೊದಲ ಕಾವು ಕೊಡುವುದೂ ಬಣ್ಣ ಬಳಿದಷ್ಟೇ ಮುಖ್ಯ. ಎಂಜಿನ್ ಚಾಲು ಮಾಡಿ ಹತ್ತು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು ಪೂರ್ತಿ ಆರಲು ಬಿಡಿ. ಮತ್ತೆ ಚಾಲು ಮಾಡಿ, ಈ ಸಲ ಸ್ವಲ್ಪ ಹೆಚ್ಚು ಹೊತ್ತು. ಮೂರನೆಯ ಸಲ ಸಮತಟ್ಟು ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಪೈಪಿನಿಂದ ಬಿಳಿ ಹೊಗೆ ಏಳುತ್ತದೆ, ಮೂಗಿಗೆ ಘಾಟು ಹತ್ತುತ್ತದೆ, ಗಾಬರಿ ಬೇಡ. ಘಾಟು ನಿಂತ ಮೇಲೆಯೇ ಹಳ್ಳಕ್ಕೆ ಇಳಿಯಬೇಕು. ಕಾವು ಕುಡಿಯದ ಪೇಂಟಿಗೆ ತಣ್ಣೀರು ಬಿದ್ದರೆ ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಚುರ್ರೆಂದು ಸಿಡಿದು ಹಕ್ಕಳೆ ಏಳುತ್ತದೆ.

ದಪ್ಪ ಬಳಿದಷ್ಟೂ ಬಾಳಿಕೆ ಎಂಬ ನಂಬಿಕೆಯೇ ಎಷ್ಟೋ ಪೈಪುಗಳನ್ನು ಕೆಡಿಸಿದೆ. ಎರಡು ಮೀಟರ್ ಉದ್ದದ ಕಬ್ಬಿಣದ ಪೈಪು 300 ಡಿಗ್ರಿ ಹೆಚ್ಚು ಕಾದರೆ ಸುಮಾರು 7 ಮಿಲಿಮೀಟರ್ ಬೆಳೆಯುತ್ತದೆ, ಆರಿದಾಗ ಮತ್ತೆ ಕುಗ್ಗುತ್ತದೆ. ಇದರ ಜೊತೆ ಹಿಗ್ಗಿ ಕುಗ್ಗಬಲ್ಲದ್ದು ತೆಳುವಾದ ಪದರ ಮಾತ್ರ. ಎರಡು ಕೈ ಸೇರಿ 50 ಮೈಕ್ರಾನ್ ಆಸುಪಾಸು ಇದ್ದರೆ ಸರಿ, ಅಂದರೆ ತಲೆಗೂದಲಿಗಿಂತ ತೆಳು.

ಅಷ್ಟು ತೆಳು ಪದರ ನಿಲ್ಲಬೇಕಾದರೆ ಕೆಳಗಿನ ಕಬ್ಬಿಣ ಶುದ್ಧವಾಗಿರಬೇಕು. ವೈರ್ ಬ್ರಷ್ಷಿನಲ್ಲಿ ಉಜ್ಜಿದರೆ ಎಷ್ಟೋ ಕಡೆ ತುಕ್ಕು ಹೊಳಪಾಗುತ್ತದೆಯೇ ಹೊರತು ಹೋಗುವುದಿಲ್ಲ. ಪೈಪನ್ನು ಬಿಚ್ಚಿ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸುವುದೇ ಸರಿಯಾದ ದಾರಿ. ಬ್ಲಾಸ್ಟಿಂಗ್ ಆದ ಪೈಪು ತಿಳಿ ಬೂದು ಬಣ್ಣಕ್ಕೆ ಬರುತ್ತದೆ, ಸವರಿದರೆ ಬೆರಳಿಗೆ ತುಸು ಒರಟು ಹತ್ತುತ್ತದೆ. ಬರಿಗೈಯಲ್ಲಿ ಹೀಗೆ ಸವರುವ ಆಸೆ ತೀರಿಸಿಕೊಳ್ಳುವುದಾದರೆ ಒಂದೇ ಮೂಲೆಯಲ್ಲಿ ತೀರಿಸಿಕೊಳ್ಳಿ, ಬೆವರಿನ ಗುರುತೂ ತುಕ್ಕಿಗೆ ಸಾಕು. ಥಿನ್ನರ್ ಅದ್ದಿದ ಬಿಳಿ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ. ತೇವದ ಗಾಳಿಯಲ್ಲಿ ಈ ಬೂದು ಮೈ ಕೆಲವೇ ಗಂಟೆಗಳಲ್ಲಿ ಕಂದು ತಿರುಗುತ್ತದೆ. ಬೆಳಿಗ್ಗೆ ಬ್ಲಾಸ್ಟ್ ಮಾಡಿಸಿದ್ದಕ್ಕೆ ಮಧ್ಯಾಹ್ನದೊಳಗೆ ಮೊದಲ ಕೈ ಬಿದ್ದಿರಬೇಕು. ಮೆಕ್ಯಾನಿಕ್ ಒಳ್ಳೆಯ ಮನಸ್ಸಿನಿಂದಲೇ ರೆಡ್ ಆಕ್ಸೈಡ್ ಪ್ರೈಮರ್ ಹೊಡೆಯಲು ಬರುತ್ತಾರೆ. ಗೇಟಿಗೆ, ಚಾಸಿಗೆ ಅದು ಸರಿ. ಇಲ್ಲಿ ಬೇಡವೆಂದು ಹೇಳಿ ತಡೆಯಿರಿ. ಪೈಪಿನ ಕಾವಿಗೆ ಆ ಪ್ರೈಮರಿನ ಎಣ್ಣೆ ಅಂಶ ಸುಟ್ಟು ಪುಡಿಯಾಗಿ, ಮೇಲಿನ ದುಬಾರಿ ಪೇಂಟನ್ನೂ ಹೊತ್ತುಕೊಂಡು ಉದುರುತ್ತದೆ. ಆಕ್ಸಿಜನ್ ಸೆನ್ಸರ್ ಇರುವ ಗಾಡಿಯಾದರೆ ಅದನ್ನು ಬಿಚ್ಚಿಡಿ ಅಥವಾ ಟೇಪ್ ಸುತ್ತಿ ಮುಚ್ಚಿ, ಬಣ್ಣ ಸೋಕಬಾರದು.

ಈಗ ಮ್ಯಾನಿಫೋಲ್ಡಿನ ಮಾತು. ಅಲ್ಲಿಗೆ ಸೆರಾಮಿಕ್ ಕೋಟಿಂಗ್ ಮಾಡಿಸಿ. ದುಬಾರಿ ಹೌದು, ಬಿಚ್ಚಿ ಕಳಿಸಬೇಕು, ಓವನ್ನಿನಲ್ಲಿ ಬೇಯಿಸಿ ತರಬೇಕು. ಆದರೆ ಅಷ್ಟು ಕಾವಿಗೆ ಅದರಂತೆ ನಿಲ್ಲುವ ಬೇರೆ ಲೇಪ ನನಗೆ ಸಿಕ್ಕಿಲ್ಲ. ಬಾನೆಟ್ಟಿನ ಒಳಗಿನ ಬಿಸಿಯೂ ತಗ್ಗುತ್ತದೆ. ಹೊಳೆಯುವ ಬೆಳ್ಳಿ ಬಣ್ಣದ್ದಕ್ಕಿಂತ ಮಂಕು ಕಪ್ಪಿನದು ಹೆಚ್ಚು ಕಾವು ತಡೆಯುವ ಬಗೆ. ಇಡೀ ಪೈಪಿಗೂ ಸೆರಾಮಿಕ್ ಮಾಡಿಸುವುದು ನನ್ನ ಮಟ್ಟಿಗೆ ದಂಡ. ಕಲ್ಲು ಬಡಿದು ಒಂದು ಕಡೆ ಕಿತ್ತರೆ ಮನೆಯಲ್ಲಿ ತೇಪೆ ಹಾಕಲಾಗುವುದಿಲ್ಲ, ಸಿಲಿಕೋನ್ ಪೇಂಟಾದರೆ ಅರ್ಧ ಗಂಟೆಯ ಕೆಲಸ. ಕ್ರೋಮ್ ಬೇಡ, ಕಾವಿಗೆ ನೀಲಿಗಟ್ಟುತ್ತದೆ. ಜಿಐ ಪೈಪಂತೂ ಖಂಡಿತ ಬೇಡ. ಅದರ ಮೈಗೆ ಹತ್ತಿಸಿದ ಸತು 419 ಡಿಗ್ರಿಗೆ ಕರಗುತ್ತದೆ, ಆ ಪೈಪನ್ನು ವೆಲ್ಡ್ ಮಾಡುವವರಿಗೆ ಆ ಹೊಗೆಯಿಂದಲೇ ಜ್ವರ ಬರುತ್ತದೆ. ಪೈಪಿಗೆ ಸುತ್ತುವ ನಾರಿನ ಪಟ್ಟಿಯನ್ನು ರೇಸಿನವರಿಗೆ ಬಿಡೋಣ. ಕೆಸರಿನಲ್ಲಿ ಓಡುವ ಗಾಡಿಗೆ ಸುತ್ತಿದರೆ ಅದು ನೀರು ಹಿಡಿದಿಟ್ಟುಕೊಂಡು ಪೈಪನ್ನು ಕೊಳೆಸುತ್ತದೆ, ಎಣ್ಣೆ ಕುಡಿದರೆ ಹೊತ್ತಿಯೂ ಉರಿಯಬಹುದು.

ಬಣ್ಣದ ವಿಷಯದಲ್ಲಿ ನಾನು ಬೆಳ್ಳಿಬೂದಿಯ ಪಕ್ಷ. ಕಪ್ಪು ಪೈಪು ನೋಡಲು ಗಂಭೀರವಾಗಿರುತ್ತದೆ, ನಿಜ. ಆದರೆ ಗ್ಯಾಸ್ಕೆಟ್ ಸೋರಿ ಮಸಿ ಹೊರಬಂದರೆ, ವೆಲ್ಡಿಂಗ್ ಬಿರುಕು ಬಿಟ್ಟರೆ ಅದರ ಮೇಲೆ ಕಾಣುವುದೇ ಇಲ್ಲ. ಬೂದು ಮೈಯ ಮೇಲೆ ಕಡ್ಡಿಯಷ್ಟು ಕಪ್ಪು ಗೆರೆಯೂ ಟಾರ್ಚ್ ಬೆಳಕಿಗೆ ಎದ್ದು ಕಾಣುತ್ತದೆ.

ಎಷ್ಟೇ ಚೆನ್ನಾಗಿ ಬಳಿದರೂ ಹೊರಗಿನ ಲೇಪ ಒಳಗಿನ ತುಕ್ಕನ್ನು ತಡೆಯುವುದಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಪೈಪಿನೊಳಗೆ ಹಾಯುತ್ತದೆ. ತೋಟದ ಮನೆಯಿಂದ ಗೇಟಿಗೆ, ಗೇಟಿನಿಂದ ಕಣಕ್ಕೆ ಮಾತ್ರ ಓಡುವ ಜೀಪಿನ ಸೈಲೆನ್ಸರ್ ಎಂದೂ ಪೂರ್ತಿ ಕಾಯುವುದಿಲ್ಲ, ಆವಿ ತಣಿದು ಒಳಗೇ ನಿಲ್ಲುತ್ತದೆ. ಸೈಲೆನ್ಸರಿನ ತಳದಲ್ಲಿ ಕಂಪನಿಯವರೇ ಕೊರೆದ ಸಣ್ಣ ತೂತಿದ್ದರೆ ಅದನ್ನು ಬಣ್ಣದಿಂದ ಮುಚ್ಚಬೇಡಿ, ಕೆಸರು ಕಟ್ಟಿದ್ದರೆ ತಂತಿಯಿಂದ ಚುಚ್ಚಿ ಬಿಡಿಸಿ. ಸುತ್ತಿಗೆಯ ಹಿಡಿಯಿಂದ ತಟ್ಟಿದಾಗ ಟಣ್ ಎನ್ನದೆ ದಬದಬ ಎಂದರೆ ಲೋಹ ತೆಳುವಾಗಿದೆ ಎಂದರ್ಥ. ಅಂಥದ್ದಕ್ಕೆ ಪೇಂಟಿನ ಖರ್ಚು ಬೇಡ, 409 ದರ್ಜೆಯ ಸ್ಟೀಲಿನಲ್ಲಿ ಹೊಸದು ಮಾಡಿಸಿ. ಅದರ ಮೈ ಕಂದಾದರೂ ಬೇಗ ತೂತು ಬೀಳುವುದಿಲ್ಲ.

ಈ ಕೆಲಸಕ್ಕೆ ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ಗಾಳಿ ಒಣಗಿರುತ್ತದೆ, ಕಾಫಿ ಕೊಯ್ಲೂ ಮುಗಿಯುತ್ತ ಬಂದಿರುತ್ತದೆ. ಬಿಚ್ಚುವಾಗ ಪೈಪಿನ ಮೇಲ್ಭಾಗವನ್ನು, ಅದರಲ್ಲೂ ಹ್ಯಾಂಗರಿನ ಪಟ್ಟಿಯ ಅಡಿಯನ್ನು ಮೊದಲು ನೋಡಿ. ಕೆಳಗಿನಿಂದ ಬಗ್ಗಿ ನೋಡುವವರ ಕಣ್ಣಿಗೆ ಬೀಳದ ಆ ಜಾಗದಲ್ಲೇ ಕೆಸರು ಕೂತು, ಒಣಗಿ, ಮತ್ತೆ ನೆನೆದು ತೂತು ಮಾಡಿರುತ್ತದೆ.