ಸಾರಥಿಯೂ ತಾನೆ, ರಥಿಯೂ ತಾನೆ

ವಿಡಿಯೋ ಆಟವೊಂದನ್ನು ಸಾಹಿತ್ಯದ ಪುಟಕ್ಕೆ ತಂದು ಕೂರಿಸುವುದು ಕೆಲವು ವಾಚಕರಿಗೆ ರುಚಿಸಲಾರದು. ಅವರೊಡನೆ ವಾದ ಹೂಡುವುದು ನನ್ನ ಉದ್ದೇಶವಲ್ಲ. ಕಥೆ ಹೇಳುವ ಕೃತಿ ಯಾವುದೇ ಆಗಲಿ, ತನ್ನ ಸಾಮಗ್ರಿಯನ್ನು ಅದು ಹೇಗೆ ದುಡಿಸಿಕೊಂಡಿದೆ ಎಂದು ಕೇಳುವುದು ವಿಮರ್ಶಕನ ಹಕ್ಕು. ಆ ಹಕ್ಕಿನ ಬಲದಿಂದ, ಆಟಗಾರರು ಬಹುಕಾಲ ಬೈದುಕೊಂಡು ಬಂದಿರುವ ಒಂದು ಬಂಡಿಯ ಪರವಾಗಿ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಕೆನಡಾದ ಎಡ್ಮಂಟನ್ ನಗರದ ಬಯೋವೇರ್ ಸಂಸ್ಥೆಯವರು ೨೦೦೭ರಲ್ಲಿ ಹೊರತಂದ ‘ಮಾಸ್ ಎಫೆಕ್ಟ್’ ಎಂಬ ಆಟದ ಕಥೆ ನಡೆಯುವುದು ೨೧೮೩ರಲ್ಲಿ. ಮನುಷ್ಯರು ನಕ್ಷತ್ರಗಳ ನಡುವೆ ಓಡಾಡುವ ಕಾಲ. ಶೆಪರ್ಡ್ ಎಂಬ ಸೇನಾಧಿಕಾರಿಯ ವೇಷದಲ್ಲಿ ಆಟಗಾರನು ಸೇರನ್ ಎಂಬ ದ್ರೋಹಿಯನ್ನು ಬೆನ್ನಟ್ಟಿ ಗ್ರಹದಿಂದ ಗ್ರಹಕ್ಕೆ ಹೋಗಬೇಕು. ಅವನ ನೌಕೆ ನೆಲಕ್ಕೆ ಸಮೀಪವಾಗಿ ಹಾರುತ್ತ ಒಂದು ವಾಹನವನ್ನು ಕೆಳಕ್ಕೆ ಬಿಡುತ್ತದೆ. ಅದರ ಹೆಸರು ಮಾಕೊ. ಶಾರ್ಕ್ ಮೀನಿನ ಒಂದು ಜಾತಿಯ ಹೆಸರದು. ಆರು ಚಕ್ರ, ನೆತ್ತಿಯ ಮೇಲೆ ಫಿರಂಗಿ, ಅದಕ್ಕೆ ಜೊತೆಯಾಗಿ ಒಂದು ಮೆಷಿನ್‌ಗನ್, ನೆಗೆಯುವುದಕ್ಕೆ ಅಡಿಯಲ್ಲಿ ಜೆಟ್ಟುಗಳು, ಸುತ್ತಲೂ ಕಣ್ಣಿಗೆ ಕಾಣದೊಂದು ಕವಚ. ಒಳಗೆ ಶೆಪರ್ಡ್ ಮತ್ತು ಇಬ್ಬರು ಸಂಗಡಿಗರು. ನೆಲವನ್ನು ಶೋಧಿಸುವುದೂ ಇದರಲ್ಲಿಯೇ, ಹಗೆಗಳೊಡನೆ ಕಾದುವುದೂ ಇದರಲ್ಲಿಯೇ.

ಬೈಗುಳಕ್ಕೆ ಕಾರಣಗಳಿಲ್ಲದಿಲ್ಲ. ಬಂಡಿ ಹೇಳಿದ ಮಾತು ಕೇಳುವುದಿಲ್ಲ. ಸಣ್ಣ ಕಲ್ಲಿಗೆ ತಾಗಿದರೆ ರಬ್ಬರ್ ಚೆಂಡಿನಂತೆ ಪುಟಿಯುತ್ತದೆ, ಇಳಿಜಾರಿನಲ್ಲಿ ಜಾರುತ್ತದೆ. ಫಿರಂಗಿಯ ಮೂತಿ ಸಾಕಷ್ಟು ಬಾಗದ್ದರಿಂದ ತಗ್ಗಿನಲ್ಲಿ ನಿಂತ ಹಗೆ ನಗುತ್ತ ಉಳಿದುಕೊಳ್ಳುತ್ತಾನೆ. ಇಷ್ಟೆಲ್ಲ ಇದ್ದೂ ಲಂಬವಾಗಿ ನಿಂತ ಬಂಡೆಯನ್ನು ಹಲ್ಲಿಯಂತೆ ಹತ್ತಬಲ್ಲುದು! ದಾರಿ ಹುಡುಕುವ ತಾಳ್ಮೆಯಿಲ್ಲದವರು ಬೆಟ್ಟದ ನೆತ್ತಿಯ ಮೇಲೆಯೇ ಹಾಯ್ದು ಹೋಗುವುದುಂಟು.

ಆದರೆ ಈ ತೊಡಕಿನ ಬೇರು ಬರಿಯ ಚಕ್ರದಲ್ಲಿಲ್ಲವೆಂದು ನನಗೆ ತೋರುತ್ತದೆ. ನಮ್ಮ ಭಾರತದ ಕಥೆಯಲ್ಲಿ ರಥವೆಂದರೆ ಇಬ್ಬರ ಮನೆ. ಹೂಡುವವನು ಒಬ್ಬ, ಹೊಡೆಯುವವನು ಇನ್ನೊಬ್ಬ. ಇವರಿಬ್ಬರ ಸಂಬಂಧದಲ್ಲಿಯೇ ಕವಿಗಳಿಗೆ ರಸ ಸಿಕ್ಕಿತು. ರಣವನ್ನು ಕಂಡು ಓಡಿದ ಉತ್ತರನನ್ನು ಹಿಡಿದು ತಂದು ಬೃಹನ್ನಳೆ ಸಾರಥಿಯಾಗಿಸುತ್ತಾನೆ. ಅದುವರೆಗೆ ಸಾರಥಿಯಾಗಿದ್ದವನು ರಥಿಯಾಗುತ್ತಾನೆ. ಕರ್ಣನಿಗಾದರೋ ಶಲ್ಯನ ನಾಲಗೆಯೇ ಮೊದಲ ಬಾಣ. ಮಾಕೊದಲ್ಲಿ ಈ ಇಬ್ಬರೂ ಒಬ್ಬನೇ. ಎಡಗೈ ಓಡಿಸಬೇಕು, ಬಲಗೈ ಗುರಿಯಿಡಬೇಕು. ಚಕ್ರ ಒಂದು ಕಡೆಗೆ, ಕಣ್ಣು ಇನ್ನೊಂದು ಕಡೆಗೆ. ಒಳಗಿರುವ ಸಂಗಡಿಗರಾದರೂ ಒಂದು ಮಾತು ಆಡುವರೆ ಎಂದರೆ ಅವರು ಹೆಚ್ಚಾಗಿ ಮೌನಿಗಳು. ಸಾರಥಿಯ ಕಷ್ಟವೂ ರಥಿಯ ಕಷ್ಟವೂ ಒಂದೇ ಹೆಗಲಿಗೆ ಬಿದ್ದಾಗ ಆಟಗಾರ ಗೊಣಗುವುದು ಸಹಜವಲ್ಲವೆ?

ಸಹಜವೇನೋ ಹೌದು. ಆದರೆ ಆ ಕಷ್ಟ ಕೊಡುವ ಫಲವನ್ನೂ ನೋಡಬೇಕು. ಥೇರಂ ಎಂಬ ಗ್ರಹದಲ್ಲಿ ಕರಗಿದ ಬೆಂಕಿಯ ಹೊಳೆಗಳ ನಡುವೆ ದಾರಿ. ಎದುರಿಗೆ ಗೆತ್ ಎಂಬ ಯಂತ್ರಜನಾಂಗದ ಭಾರಿ ಕಾಲಿನ ದೈತ್ಯನೊಂದು ನಿಂತು ಉಂಡೆಯುಂಡೆಯಾಗಿ ಬೆಂಕಿಯನ್ನೆಸೆಯುತ್ತದೆ. ಉಂಡೆ ಬರುವುದು ಕಣ್ಣಿಗೆ ಕಾಣುತ್ತದೆ. ಅದು ತಲಪುವ ಕ್ಷಣಕ್ಕೆ ಸರಿಯಾಗಿ ಬಂಡಿಯನ್ನು ನೆಗೆಸಿದರೆ ಅಡಿಯಲ್ಲಿ ಹಾದುಹೋಗುತ್ತದೆ. ನೆಗೆದ ಬಂಡಿ ಎಲ್ಲಿ ಇಳಿಯುವುದೋ, ಹೊಳೆಯ ಅಂಚಿಗೋ ಬಂಡೆಯ ಓರೆಗೋ, ಅದನ್ನು ಎಣಿಸಿಕೊಂಡೇ ನೆಗೆಯಬೇಕು. ಇಲ್ಲಿ ಓಡಿಸುವುದು ಬೇರೆ, ಕಾದುವುದು ಬೇರೆ ಎಂಬ ಮಾತೇ ಇಲ್ಲ. ನೆಲವನ್ನು ತಿಳಿಯದವನು ಯುದ್ಧವನ್ನು ಗೆಲ್ಲಲಾರ.

ಇದಕ್ಕಿಂತ ಸೊಗಸಾದದ್ದು ಹುಳುವಿನ ಪ್ರಸಂಗ. ಕೆಲವು ಗ್ರಹಗಳ ಅಡಿಯಲ್ಲಿ ‘ಥ್ರೆಷರ್ ಮಾ’ ಎಂಬ ದೈತ್ಯ ಹುಳು ವಾಸಿಸುತ್ತದೆ. ಬಂಡಿಯ ಅಡಿಯಿಂದಲೇ ಅದು ಮೇಲೆದ್ದರೆ ಅಲ್ಲಿಗೆ ಆಟ ಮುಗಿಯಿತು. ಬೆಟ್ಟಗುಡ್ಡಗಳ ನಡುವೆ ಹಠಾತ್ತನೆ ಅಗಲವಾದ ಬಯಲು ಕಂಡಿತೆಂದರೆ ಅಲ್ಲಿ ಹುಳುವಿದೆಯೆಂದು ಅನುಭವಿಗಳು ಎಣಿಸುತ್ತಾರೆ. ವಿಚಿತ್ರವನ್ನು ನೋಡಿ: ಇಷ್ಟು ಹೊತ್ತು ಏರಿಳಿತಗಳನ್ನು ಶಪಿಸುತ್ತಿದ್ದವನು ಈಗ ಸಮತಟ್ಟಾದ ನೆಲವನ್ನು ಕಂಡು ಬೆವರುತ್ತಾನೆ! ಯಾರೂ ಪಾಠ ಹೇಳಲಿಲ್ಲ, ನೆಲವೇ ಹೇಳಿತು. ವರ್ಣನೆ ಕಥೆಯ ಕೆಲಸಕ್ಕೆ ಒದಗಬೇಕು, ಬರಿಯ ಅಲಂಕಾರವಾಗಬಾರದು ಎಂದು ನಾವು ಕಾವ್ಯದ ವಿಷಯದಲ್ಲಿ ಹೇಳುವುದಿಲ್ಲವೆ? ಇಲ್ಲಿ ಆ ಮಾತು ಸಾರ್ಥಕವಾಗಿದೆ.

ಹಾಗೆಂದು ಕೃತಿ ನಿರ್ದೋಷವೆಂದಲ್ಲ. ಬಂಡಿಯೊಳಗಿನಿಂದ ಹಗೆಯನ್ನು ಕೊಂದರೆ ದೊರೆಯುವ ಅನುಭವಾಂಕ ಕಡಿಮೆ. ಕಾಲ್ನಡಿಗೆಯಲ್ಲಿ ಕೊಂದರೆ ಹೆಚ್ಚು. ಆದ್ದರಿಂದ ಜಿಪುಣ ಆಟಗಾರರು ಫಿರಂಗಿಯಿಂದ ಹಗೆಯನ್ನು ಮುಕ್ಕಾಲುಪಾಲು ಕೆಡವಿ, ಕೆಳಗಿಳಿದು ಕೈಬಂದೂಕಿನಿಂದ ಮುಗಿಸುವ ಉಪಾಯ ಹೂಡಿದರು. ಕರ್ಣನು ರಥದಿಂದಿಳಿದದ್ದು ವಿಧಿಯ ಒತ್ತಾಯದಿಂದ. ಇವರು ಇಳಿಯುವುದು ಲಾಭದ ಆಸೆಯಿಂದ. ಬಂಡಿಯನ್ನು ಕೊಟ್ಟವರೇ ಅದರಲ್ಲಿ ಮಾಡಿದ ಸಾಹಸವನ್ನು ಅಗ್ಗಕ್ಕೆ ಬೆಲೆ ಕಟ್ಟಿದ್ದು ಔಚಿತ್ಯದ ಲೋಪವೆಂದೇ ಹೇಳಬೇಕು. ಇನ್ನೂ ದೊಡ್ಡ ಲೋಪ ಬರಿದುತನ. ಮುಖ್ಯ ಕಥೆಗೆ ಸೇರದ ಹಲವು ಗ್ರಹಗಳಲ್ಲಿ ಮೈಲಿಗಟ್ಟಲೆ ಬೆಟ್ಟ ಹತ್ತಿಳಿದು ತಲಪಿದರೆ, ಹಿಂದಿನ ಗ್ರಹದಲ್ಲಿ ಕಂಡ ಅದೇ ನಮೂನೆಯ ಗಣಿ, ಅದೇ ನಮೂನೆಯ ಕಟ್ಟಡ. ದಾರಿ ಕಠಿಣವಾದುದು ತಪ್ಪಲ್ಲ. ದಾರಿಯ ಕೊನೆಯಲ್ಲಿ ಏನೂ ಇಲ್ಲದಿದ್ದುದು ತಪ್ಪು. ಆಟಗಾರರು ಎರಡನೆಯ ಸಿಟ್ಟನ್ನು ಮೊದಲನೆಯದರ ಮೇಲೆ ತೀರಿಸಿಕೊಂಡರೆಂದು ನನ್ನ ಅಭಿಪ್ರಾಯ.

ನಿರ್ಮಾಪಕರೂ ಆ ಸಿಟ್ಟಿಗೇ ಕಿವಿಗೊಟ್ಟರು. ೨೦೧೦ರ ಎರಡನೆಯ ಭಾಗದಲ್ಲಿ ಮಾಕೊ ಇಲ್ಲ. ಗ್ರಹದ ಖನಿಜಗಳನ್ನು ಮೇಲಿನ ಕಕ್ಷೆಯಿಂದಲೇ ಶೋಧಿಸಿ ಯಂತ್ರವನ್ನೆಸೆದು ತರಿಸಿಕೊಳ್ಳಬಹುದು, ನೆಲಕ್ಕೆ ಕಾಲಿಡಬೇಕಾಗಿಲ್ಲ. ಆಮೇಲೆ ಅನುಬಂಧವಾಗಿ ಬಂದ ಹ್ಯಾಮರ್‌ಹೆಡ್ ಎಂಬ ವಾಹನ ನೆಲವನ್ನು ಮುಟ್ಟದೆ ತೇಲುತ್ತದೆ. ಅದರ ಕ್ಷಿಪಣಿಗಳು ಗುರಿಯನ್ನು ತಾವೇ ಅರಸುತ್ತವೆ. ೨೦೧೭ರ ‘ಆಂಡ್ರೊಮಿಡ’ದಲ್ಲಿ ಬಂದ ನೊಮ್ಯಾಡ್ ಮತ್ತೆ ಆರು ಚಕ್ರದ್ದು. ಸಂಗಡಿಗರು ಅದರಲ್ಲಿ ಬಾಯ್ತುಂಬ ಹರಟುತ್ತಾರೆ, ರಥದೊಳಗೆ ಮಾತು ಮರಳಿ ಬಂತು. ಆದರೆ ಆಯುಧವಿಲ್ಲ! ಕಾದಬೇಕಾದರೆ ಇಳಿಯಬೇಕು. ಒಟ್ಟಿನಲ್ಲಿ, ಕಷ್ಟಪಟ್ಟು ಒಂದಾಗಿದ್ದ ಸಾರಥಿಯನ್ನೂ ರಥಿಯನ್ನೂ ಮತ್ತೆ ಬೇರೆ ಮಾಡಿದರು.

೨೦೨೧ರಲ್ಲಿ ಮೂರು ಭಾಗಗಳನ್ನೂ ಪರಿಷ್ಕರಿಸಿ ‘ಲೆಜೆಂಡರಿ ಎಡಿಷನ್’ ಎಂದು ಹೊರತಂದಾಗ ಹಳೆಯ ಮಾಕೊಗೆ ನ್ಯಾಯ ದೊರೆಯಿತು. ಬಂಡಿಗೆ ತೂಕ ಬಂತು, ಜಾರಾಟ ತಗ್ಗಿತು, ಫಿರಂಗಿ ಕೆಳಕ್ಕೂ ಗುರಿಯಿಡುವಂತಾಯಿತು, ಅನುಭವಾಂಕದ ಕಡಿತ ತೊಲಗಿತು. ಕೈ ಎರಡು ಕೆಲಸ ಮಾಡಬೇಕಾದ ನಿಯಮವನ್ನು ಮಾತ್ರ ಮುಟ್ಟಲಿಲ್ಲ. ದೋಷವನ್ನು ತೆಗೆದು ಗುಣವನ್ನು ಉಳಿಸಿಕೊಂಡ ಈ ವಿವೇಕ ಮೆಚ್ಚತಕ್ಕದ್ದು. ಆದರೆ ಗ್ರಹಗಳ ಬರಿದುತನ ಹಾಗೆಯೇ ಉಳಿದಿದೆ; ಅದನ್ನು ತುಂಬುವುದು ಚಕ್ರ ಸರಿಪಡಿಸಿದಷ್ಟು ಸುಲಭವಲ್ಲ.

ಈ ವಾಹನವನ್ನು ನಾನು ಅಳೆಯುವುದು ಕಥೆಯ ಕೊನೆಯ ಹೊತ್ತಿನ ಓಟದಿಂದ. ಐಲೋಸ್ ಎಂಬ ಹಾಳುಬಿದ್ದ ಗ್ರಹದಲ್ಲಿ ಸೇರನ್ ಹಾದುಹೋದ ಬಾಗಿಲು ಮುಚ್ಚುವ ಮುನ್ನ ಅದರೊಳಕ್ಕೆ ನುಗ್ಗಬೇಕು. ಕೆಲವೇ ಕ್ಷಣಗಳ ಅವಧಿ. ದಾರಿಯುದ್ದಕ್ಕೂ ಹಗೆಗಳು ಗುಂಡು ಹಾರಿಸುತ್ತಾರೆ. ಅವರಿಗೆ ಉತ್ತರ ಕೊಡಲು ನಿಂತವನು ಕೆಟ್ಟ. ಆಟದುದ್ದಕ್ಕೂ ಎರಡು ಕೈಗಳನ್ನು ಒಟ್ಟಿಗೆ ದುಡಿಸಿದ ಕೃತಿ ಇಲ್ಲಿ ಒಂದನ್ನು ಬಿಗಿಹಿಡಿ ಎನ್ನುತ್ತದೆ. ಫಿರಂಗಿ ಕೈಯಲ್ಲಿದ್ದೂ ಹಾರಿಸದಿರುವುದು, ಕವಚ ಒಡೆಯುತ್ತಿದ್ದರೂ ನೇರವಾಗಿ ಓಡಿಸುವುದು ಸುಲಭದ ಸಂಯಮವಲ್ಲ. ಅದುವರೆಗೆ ಇಬ್ಬರ ಭಾರವನ್ನೂ ಹೊತ್ತವನಿಗಷ್ಟೇ ಅದರ ಬೆಲೆ ಗೊತ್ತು. ಸುಗಮವಾದ ಬಂಡಿ, ಆಯುಧವಿಲ್ಲದ ಬಂಡಿ, ಈ ಒಂದು ಕ್ಷಣವನ್ನು ಕೊಡಲಾರದು.